ಈ ಆನೆ ನಮ್ಮೂರದ್ದಲ್ಲ, ಅಕ್ಕ!

"ಅಕ್ಕ, ಈ ಆನ ನಮ್ಮೂರ್ದಲ್ಲ ಕನಕ್ಕ."

ಶಾಲೆಯ ಕಾಂಪೌಂಡ್ ಗೋಡೆ ಮುಂದೆ ಮೊಣಕಾಲೂರಿ ಕೂತು, ಸೀಮೆಸುಣ್ಣದಲ್ಲಿ ಆನೆಯ ಕಾಲು ತಿದ್ದುತ್ತಿದ್ದೆ. ತಿರುಗಿ ನೋಡಿದರೆ ನಾಲ್ಕನೇ ಕ್ಲಾಸಿನ ಹುಡುಗಿ. ಬಿಸಿಯೂಟದ ತಟ್ಟೆ ತೊಳೆದುಕೊಂಡು ಹೋಗುತ್ತಿದ್ದವಳು ನಿಂತುಬಿಟ್ಟಿದ್ದಳು.

"ಯಾಕೆ ಪುಟ್ಟಿ, ಚೆನ್ನಾಗಿಲ್ವಾ?"

"ಚೆನ್ನಾಗದ. ಆದ್ರ ಕಿವಿ ಮೊರದಂಗ ಅದ. ನಮ್ಮ ಆನಗ ಇಷ್ಟ್ ದೊಡ್ ಕಿವಿ ಇಲ್ಲ. ಬೆನ್ನೂ ಹಿಂಗ ತಗ್ಗಾಗಿಲ್ಲ."

ಫೋನ್ ತೆಗೆದು, ನಾನು ನೋಡಿಕೊಂಡು ಬರೆಯುತ್ತಿದ್ದ ಫೋಟೊ ದೊಡ್ಡದು ಮಾಡಿದೆ. ಅದು ಆಫ್ರಿಕಾದ ಆನೆ! ಭುಜ ಮುಚ್ಚುವಷ್ಟು ಅಗಲದ ಕಿವಿ, ನಡುವೆ ತಗ್ಗಾದ ಬೆನ್ನು. ನಮ್ಮ ಏಷ್ಯಾದ ಆನೆಯ ಕಿವಿ ಚಿಕ್ಕದು, ಬೆನ್ನು ಉಬ್ಬಿರುತ್ತದೆ, ತಲೆ ಮೇಲೆ ಎರಡು ಗುಬ್ಬಿ ಇರುತ್ತವೆ. ಆನೆ ನಮ್ಮ ರಾಜ್ಯದ ಪ್ರಾಣಿ. ಮೂವತ್ತು ವರ್ಷ ಇದೇ ರಾಜ್ಯದಲ್ಲಿ ಬೆಳೆದ ನಾನು, ಇಂಟರ್‌ನೆಟ್‌ನಲ್ಲಿ ಮೊದಲು ಸಿಕ್ಕ ಆನೆಯನ್ನು ತಂದು ಚಾಮರಾಜನಗರದ ಗೋಡೆ ಮೇಲೆ ನಿಲ್ಲಿಸಿದ್ದೆ.

ಒದ್ದೆ ಬಟ್ಟೆ ತಗೊಂಡು ಒರೆಸಿದೆ. ಅವತ್ತಿನಿಂದ ಆ ಹುಡುಗಿ ನನ್ನ ಟೆಸ್ಟರ್.

ಚಿಕ್ಕಮ್ಮನ ಗೋಡೆ

ವಾರದಲ್ಲಿ ಐದು ದಿನ ನಾನು ಬೆಂಗಳೂರಲ್ಲಿ ಕೋಡ್ ಬರೆಯುವವಳು. ಚಿತ್ರ ಬಿಡಿಸುವುದು ಶಾಲೆಯಿಂದ ಬಂದ ಹವ್ಯಾಸ. ಎಂಜಿನಿಯರಿಂಗ್ ಸೇರಿದ ಮೇಲೆ ಅದು ರೆಕಾರ್ಡ್ ಪುಸ್ತಕದ ಡಯಾಗ್ರಾಮ್‌ಗೆ ಇಳಿದಿತ್ತು, ಕೆಲಸ ಸೇರಿದ ಮೇಲೆ ಪೂರ್ತಿ ನಿಂತಿತ್ತು.

ನನ್ನ ಚಿಕ್ಕಮ್ಮ ಚಾಮರಾಜನಗರ ಜಿಲ್ಲೆಯ ಒಂದು ಕಾಡಂಚಿನ ಊರಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ. ಮೈದಾನದಲ್ಲಿ ನಿಂತರೆ ಬಿಳಿಗಿರಿರಂಗನ ಬೆಟ್ಟದ ಸಾಲು ಊರಿನ ಹಿತ್ತಿಲ ಗೋಡೆ ಥರ ಕಾಣುತ್ತದೆ. ಮಾರ್ಚ್ ಕೊನೆಗೆ ಅವರ ನಿವೃತ್ತಿ. ಸಂಕ್ರಾಂತಿಗೆ ಹೋದಾಗ, "ಹೋಗೋ ಮುಂಚೆ ಈ ಕಾಂಪೌಂಡಿಗೆ ಒಂದು ಗತಿ ಕಾಣಿಸ್ಬೇಕು ಕಣೇ. ನೀನು ಚಿತ್ರ ಬರೀತಿದ್ದೆಯಲ್ಲ, ಕಾಡುಪ್ರಾಣಿ ಏನಾದ್ರೂ ಬರೆದುಕೊಡು" ಅಂದರು.

40 ಅಡಿ ಉದ್ದ, 5 ಅಡಿ ಎತ್ತರದ ಗೋಡೆ. ಪ್ರತಿ 8 ಅಡಿಗೊಂದು ಕಂಬ. ಅಂದರೆ ಐದು ಫಲಕ ತಾನಾಗೇ ಸಿದ್ಧವಾಗಿತ್ತು. ಬಸ್ಸಲ್ಲಿ ವಾಪಸ್ ಬರುವಾಗಲೇ ಪ್ಲಾನ್ ಮುಗಿಯಿತು: ಒಂದರಲ್ಲಿ ನವಿಲು, ಒಂದರಲ್ಲಿ ಜಿಂಕೆ, ಒಂದರಲ್ಲಿ ಹುಲಿ, ಒಂದರಲ್ಲಿ ಆನೆ, ಕೊನೆಯದರಲ್ಲಿ ಸಿಂಹ. ಶನಿವಾರ-ಭಾನುವಾರ ಸೇರಿಸಿ ಒಂದು ತಿಂಗಳು ಸಾಕು ಅಂದುಕೊಂಡೆ. ಆಫೀಸಲ್ಲಿ ನಾನು ಕೊಡುವ ಎಸ್ಟಿಮೇಟ್ ಕೂಡ ಹೀಗೇ ಇರುತ್ತದೆ.

ನನ್ನ ತಲೆಯಲ್ಲಿದ್ದ ಮಾದರಿ ಬೆಂಗಳೂರಿನ ರಸ್ತೆ ಬದಿಯ ಗೋಡೆಗಳದು. ಸುಮಾರು ಹದಿನೈದು ವರ್ಷದ ಹಿಂದೆ ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ಕಾಡು, ಜಲಪಾತ, ಹುಲಿ, ಹಂಪಿ ಎಲ್ಲ ಬರೆಸಿತ್ತು ನೆನಪಿದೆಯಾ? ಬರೆದವರಲ್ಲಿ ಎಷ್ಟೋ ಜನ ಸಿನಿಮಾ ಬ್ಯಾನರ್ ಕಲಾವಿದರು. ಫ್ಲೆಕ್ಸ್ ಬಂದು ಅವರ ಕೈಯಿಂದ ಕುಂಚ ಕಿತ್ತುಕೊಂಡಿದ್ದ ಕಾಲ ಅದು. ಕಾಲೇಜಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಆ ಹುಲಿಗಳನ್ನು ನೋಡುತ್ತಾ ನಾನೂ ಒಂದು ದಿನ ಗೋಡೆ ಬರೆಯಬೇಕು ಅಂದುಕೊಂಡಿದ್ದೆ. ಬಸ್ಸು ನಿಲ್ಲದೆ ಮುಂದೆ ಹೋಗುತ್ತಿದ್ದರಿಂದ ಹುಲಿ ಸರಿಯಿದೆಯೋ ತಪ್ಪಿದೆಯೋ ಯಾರೂ ಕೇಳುತ್ತಿರಲಿಲ್ಲ. ಶಾಲೆಯ ಗೋಡೆಯ ಕಥೆಯೇ ಬೇರೆ. ಅದರ ಮುಂದೆ ಮಕ್ಕಳು ಐದು ವರ್ಷ ದಿನಾ ನಿಲ್ಲುತ್ತಾರೆ.

ಮೊದಲ ನವಿಲು ಉದುರಿಹೋಯಿತು

ಮೊದಲ ವಾರಾಂತ್ಯ ಉತ್ಸಾಹ ಜೋರಿತ್ತು. ಗೋಡೆಯನ್ನು ಪೊರಕೆಯಲ್ಲಿ ಗುಡಿಸಿ, ಎಡಗಡೆಯ ಮೊದಲ ಫಲಕಕ್ಕೆ ನೇರ ಬಣ್ಣ ಬಳಿದು ನವಿಲು ಬರೆದೆ. ಇನ್‌ಸ್ಟಾಗ್ರಾಮ್‌ಗೂ ಹಾಕಿದೆ. ಮುಂದಿನ ಶನಿವಾರ ಬಂದು ನೋಡಿದರೆ ನವಿಲಿನ ಅರ್ಧ ಗರಿ ಹಪ್ಪಳದ ಥರ ಎದ್ದು ನೆಲಕ್ಕೆ ಬಿದ್ದಿತ್ತು. ಚಿಕ್ಕ ಮಕ್ಕಳು ಆ ಚೂರುಗಳನ್ನು ಆರಿಸಿ ಕಂಪಾಸ್ ಬಾಕ್ಸಲ್ಲಿ ಇಟ್ಟುಕೊಂಡಿದ್ದರು.

ಅಂಗಡಿ ಬೋರ್ಡ್ ಬರೆಯುವ ಅಣ್ಣ ಒಬ್ಬರು ಪಕ್ಕದ ಊರಲ್ಲಿದ್ದರು. ಅವರು ಬಂದು ಗೋಡೆಯ ಮೇಲೆ ಅಂಗೈ ಉಜ್ಜಿ ನನಗೆ ತೋರಿಸಿದರು. ಅಂಗೈ ತುಂಬಾ ಬಿಳಿ ಪುಡಿ. "ಇದು ಹತ್ತು ವರ್ಷದ ಸುಣ್ಣ ಮೇಡಂ. ಸುಣ್ಣ ಗೋಡೆನ ಬಿಡ್ತಾ ಇದೆ, ನಿಮ್ಮ ಬಣ್ಣ ಸುಣ್ಣನ ಹಿಡ್ಕೊಂಡಿದೆ. ಎರಡೂ ಒಟ್ಟಿಗೆ ಬಂದ್ವು, ಅಷ್ಟೇ."

ಮುಂದಿನ ಎರಡು ದಿನ ಒಂದೇ ಒಂದು ಗೆರೆ ಎಳೆಯಲಿಲ್ಲ. ಕೆರೆಯುವ ಕೆಲಸ ಮಾತ್ರ. ತಂತಿ ಬ್ರಷ್, ಕರಣೆ, ಉಪ್ಪುಕಾಗದ, ಬಕೆಟ್‌ಗಟ್ಟಲೆ ನೀರು. ಸುಣ್ಣ ಹೋಗಿ ಸಿಮೆಂಟ್ ಕಂಡ ಮೇಲೆ, ಅಣ್ಣ ಹೇಳಿದಂತೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆವು. ಮರುದಿನ ಒಳಗಡೆ ಬೆವರು ಹನಿ ಕಂಡರೆ ಗೋಡೆಯಲ್ಲಿ ತೇವ ಇದೆ ಅಂತ ಅರ್ಥ. ಮೇಲ್ಭಾಗ ಒಣಗಿತ್ತು, ನೆಲಕ್ಕೆ ಹತ್ತಿರದ ಒಂದಡಿಯಲ್ಲಿ ಹನಿ ಕಂಡಿತು. ಮಣ್ಣಿನ ತೇವ ಮೇಲೇರುವ ಜಾಗ ಅದು, ಬಣ್ಣ ಅಲ್ಲೇ ಮೊದಲು ಉಬ್ಬುವುದು. ಹಾಗಾಗಿ ಕೆಳಗಿನ ಒಂದಡಿಗೆ ಚಿತ್ರ ಬೇಡ, ಮಣ್ಣಿನ ಬಣ್ಣದ ಪಟ್ಟಿ ಸಾಕು, ಹೋದರೆ ಮತ್ತೆ ಬಳಿದುಕೊಳ್ಳಬಹುದು ಅಂತ ತೀರ್ಮಾನಿಸಿದೆವು.

ಬಿರುಕಿಗೆ ಪುಟ್ಟಿ, ಆಮೇಲೆ ಹೊರಗೋಡೆಯ ಪ್ರೈಮರ್ ಎರಡು ಸಲ. ನಾಲ್ಕು ಲೀಟರ್ ಹಿಡಿಯಿತು. ಬಣ್ಣಕ್ಕೆ ಹತ್ತು ಲೀಟರ್ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್, ಒಂದು ಲೀಟರ್ ಕಪ್ಪು, ಜೊತೆಗೆ ಸ್ಟೇನರ್ ಬಾಟಲಿಗಳು: ಹಳದಿ, ಕಾವಿ, ನೀಲಿ, ಹಸಿರು, ನೇರಳೆ. ಇಷ್ಟರಲ್ಲೇ ಇಡೀ ಕಾಡು ಬರೆಯಬಹುದು. ಆದರೆ ಬಿಳಿಗೆ ಸ್ಟೇನರ್ ಸುರಿಯುತ್ತಲೇ ಹೋದರೆ ಗಾಢ ಬಣ್ಣ ಬರುವುದಿಲ್ಲ, ಸರಿಯಾಗಿ ಒಣಗದೆ ಜಿಗುಟಾಗುತ್ತದೆ. ಗಾಢ ಬೇಕಾದ ಕಡೆ ಕಪ್ಪು ಎಮಲ್ಷನ್‌ನಿಂದಲೇ ಶುರು ಮಾಡಬೇಕು.

ಕಾಗದದ ಚಿತ್ರ ಗೋಡೆಗೇರಿಸುವ ವಿಧಾನ ಹಳೆಯದು, ಸುಲಭದ್ದು. ಕಾಗದದಲ್ಲಿ ಒಂದು ಇಂಚು ಅಂದರೆ ಗೋಡೆಯಲ್ಲಿ ಒಂದಡಿ. ಫಲಕಕ್ಕೆ 8 ಇಂಟು 5, ನಲವತ್ತು ಚೌಕ. ದಾರಕ್ಕೆ ನೀಲಿ ಪುಡಿ ಸವರಿ, ಎರಡು ಕಡೆ ಇಬ್ಬರು ಎಳೆದು ಹಿಡಿದು, ನಡುವೆ ಬಿಲ್ಲಿನ ಹಾಗೆ ಮೀಟಿದರೆ ನೇರ ಗೆರೆ ಬೀಳುತ್ತದೆ. ಅದನ್ನು ಮೀಟಲು ಮಕ್ಕಳು ಸಾಲು ನಿಂತರು. ಕಾಗದದ ಚೌಕದಲ್ಲಿ ಏನಿದೆಯೋ ಅದನ್ನೇ ಗೋಡೆಯ ಚೌಕಕ್ಕೆ ಇಳಿಸುತ್ತಾ ಹೋಗುವುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ದೊಡ್ಡ ದೊಡ್ಡ ಪಿಕ್ಸೆಲ್.

ಅಣ್ಣ ಇನ್ನೊಂದು ಮಾತು ಹೇಳಿದರು. "ಬೆಟ್ಟದ ಗೆರೆ, ನೆಲದ ಗೆರೆ ಐದೂ ಫಲಕದಲ್ಲಿ ಒಂದೇ ಎತ್ತರದಲ್ಲಿ ಹೋಗ್ಲಿ. ನಡುವೆ ಕಂಬ ಬಂದ್ರೂ ಕಣ್ಣು ತಾನೇ ಜೋಡಿಸ್ಕೊಳ್ಳುತ್ತೆ. ಆದ್ರೆ ಪ್ರಾಣಿನ ಮಾತ್ರ ಕಂಬಕ್ಕೆ ಕೊಡ್ಬೇಡಿ. ಅರ್ಧ ಆ ಕಡೆ, ಅರ್ಧ ಈ ಕಡೆ ಆದ್ರೆ ಕಡಿದಿಟ್ಟ ಹಾಗಿರುತ್ತೆ."

ಈ ನಿಯಮವನ್ನು ನೋಟ್‌ಬುಕ್ಕಲ್ಲಿ ಬರೆದುಕೊಂಡೆ.

ಮಕ್ಕಳ ತಪ್ಪು ಪಟ್ಟಿ

ಆನೆ ಕಿವಿಯ ಪ್ರಸಂಗ ನಡೆದದ್ದು ಇದರ ನಂತರ. ಅವತ್ತೇ ಜಗುಲಿಗೆ ಒಂದು ಚಾರ್ಟ್ ಅಂಟಿಸಿ, "ಅಕ್ಕನ ತಪ್ಪುಗಳು" ಅಂತ ತಲೆಬರಹ ಕೊಟ್ಟೆ. ನಾನಿಲ್ಲದ ಐದು ದಿನ ಸ್ಕೆಚ್ ನೋಡಿ ಮಕ್ಕಳು ಬರೆಯಬೇಕು, ಶನಿವಾರ ಬಂದು ನಾನು ತಿದ್ದಬೇಕು. ಒಂದೇ ವಾರಕ್ಕೆ 17 ತಪ್ಪು ಬಿತ್ತು. ನನ್ನ ಯಾವ ಕೋಡ್ ರಿವ್ಯೂನಲ್ಲೂ ಇಷ್ಟು ಬಿದ್ದಿಲ್ಲ.

ಒಂದನೇ ತಪ್ಪು: "ಸಿಂಹ ಇಲ್ಲಿ ಇಲ್ಲ." ನಿಜ. ಭಾರತದಲ್ಲಿ ಸಿಂಹ ಕಾಡಲ್ಲಿ ಬದುಕಿರುವುದು ಗುಜರಾತಿನ ಗಿರ್ ಸುತ್ತಮುತ್ತ ಮಾತ್ರ. ಸಿಂಹಕ್ಕೆ ವಿದಾಯ ಹೇಳಿದೆ.

ಐದನೇ ತಪ್ಪು: "ಹೆಣ್ಣು ಜಿಂಕೆಗೆ ಕೊಂಬು ಬರೆದಿದ್ದೀರಿ." ಮರಿ ಪಕ್ಕದಲ್ಲಿ ನಿಲ್ಲಿಸಿದ ತಾಯಿಗೆ ಕವಲುಗೊಂಬು ಇಟ್ಟಿದ್ದೆ. ಚುಕ್ಕೆ ಜಿಂಕೆಯಲ್ಲಿ ಕೊಂಬು ಗಂಡಿಗೆ ಮಾತ್ರ.

ಎಂಟನೇ ತಪ್ಪು ಬರೆದದ್ದು ಫಾರೆಸ್ಟ್ ವಾಚರ್ ಒಬ್ಬರ ಮಗ, ಅಪ್ಪನನ್ನು ಕೇಳಿಕೊಂಡು. "ಚಿರತೆಯ ಉಂಗುರದ ಒಳಗೆ ಚುಕ್ಕೆ ಇರಲ್ಲ." ಉಂಗುರದ ಒಳಗೆ ಚುಕ್ಕೆ ಇರುವುದು ದಕ್ಷಿಣ ಅಮೆರಿಕದ ಜಾಗ್ವಾರ್‌ಗೆ. ಇಲ್ಲೂ ಫೋಟೊ ನನಗೆ ಕೈಕೊಟ್ಟಿತ್ತು.

ಹನ್ನೊಂದನೆಯದು ನನ್ನನ್ನು ನಿಜವಾಗಿ ನಿಲ್ಲಿಸಿತು. "ಕಾಡು ಹಸಿರಾಗಿ ಇಲ್ಲ." ತಲೆಯೆತ್ತಿ ಬೆಟ್ಟದ ಕಡೆ ನೋಡಿದೆ. ಫೆಬ್ರವರಿ. ಬುಡದ ಕಾಡೆಲ್ಲ ಕಂದು, ಬೂದು, ನಡುನಡುವೆ ಮುತ್ತುಗದ ಕೇಸರಿ ಹೂವು. ಹಸಿರಿದ್ದದ್ದು ಮೇಲ್ಗಡೆಯ ಕಣಿವೆಗಳಲ್ಲಿ ಮಾತ್ರ. ಮೂರು ವಾರದಿಂದ ಬೆಟ್ಟಕ್ಕೆ ಬೆನ್ನು ಹಾಕಿ ಕೂತು, ಫೋನ್ ನೋಡಿಕೊಂಡು ಹಸಿರು ಕಾಡು ಬರೆಯುತ್ತಿದ್ದೆ.

ಹಳೆಯ ಪ್ಲಾನ್ ಅವತ್ತೇ ಹರಿದುಹಾಕಿದೆ. ಐದು ಪ್ರಾಣಿಯ ಐದು ಪೋಸ್ಟರ್ ಬೇಡ, ಊರಿನಿಂದ ಬೆಟ್ಟದ ತುದಿಗೆ ಏರುವ ಒಂದೇ ಕಾಡು ಬರೆಯೋಣ ಅಂತ ಮಕ್ಕಳ ಜೊತೆ ಕೂತು ಹೊಸ ಪಟ್ಟಿ ಮಾಡಿದೆವು. ಬಿಳಿಗಿರಿರಂಗನ ಬೆಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡನ್ನೂ ಬೆಸೆಯುವ ಕೊಂಡಿ ಅದು. ಬುಡದಲ್ಲಿ ಮುಳ್ಳಿನ ಕುರುಚಲು, ಸ್ವಲ್ಪ ಮೇಲೆ ಎಲೆ ಉದುರುವ ಕಾಡು, ತುದಿಯಲ್ಲಿ ಹುಲ್ಲುಗಾವಲು ಮತ್ತು ಕಣಿವೆಯೊಳಗಿನ ದಟ್ಟ ಶೋಲಾ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಬೆಟ್ಟದ ಸೋಲಿಗರ ಹಾಡಿಗಳಿಗೆ ಅದೇ ವರ್ಷ ಕಾಡಿನ ಮೇಲಿನ ಸಮುದಾಯದ ಹಕ್ಕೂ ಸಿಕ್ಕಿತು.

ಹೀಗೆ ಎಡದಿಂದ ಬಲಕ್ಕೆ ಐದು ಫಲಕ: ಹೊಲ, ಕುರುಚಲು ಕಾಡು, ಎಲೆ ಉದುರುವ ಕಾಡು, ಕಾಡಿನ ಕೆರೆ, ಬೆಟ್ಟದ ಹುಲ್ಲುಗಾವಲು. ಎರಡನೆಯದರಲ್ಲಿ ಕರಡಿ, ಮೊಲ. ಮೂರನೆಯದರಲ್ಲಿ ಹುಲಿ, ಜಿಂಕೆ. ನಾಲ್ಕನೆಯದರಲ್ಲಿ ಕಾಲಿಗೆ ಬಿಳಿ ಸಾಕ್ಸ್ ಹಾಕಿದಂತಿರುವ ಕಾಟಿ, ಸೀಳುನಾಯಿ, ಆನೆ ಹಿಂಡು. ಐದನೆಯದರಲ್ಲಿ ಕಡವೆ ಮತ್ತು ಶೋಲಾದ ಮರಗಳು. ಗಿಡಗಳ ಸಂದಿಯಲ್ಲಿ ಲಂಟಾನವೂ ಬಂತು. ಕಾಡನ್ನು ಆವರಿಸಿಕೊಂಡಿರುವ ಪರದೇಶದ ಕಳೆ ಅದು, ಚಂದಕ್ಕಾಗಿ ಬಿಟ್ಟುಬಿಡೋಣ ಅಂದೆ. "ಬಿಟ್ರ ಕಾಡು ಅನ್ಸಲ್ಲ ಅಕ್ಕ" ಅಂದರು.

ಮಾದಪ್ಪನ ಹುಲಿ

ಹುಲಿ ಮಾತ್ರ ನಿಜವಾದ ಅಳತೆಯಲ್ಲಿ ಬರಲಿ ಅಂತ ನಿರ್ಧರಿಸಿದ್ದೆವು. ಭುಜದ ಎತ್ತರ ಸುಮಾರು ಮೂರಡಿ. ಎಂಟಡಿ ಫಲಕಕ್ಕೆ ಬಾಲ ಬಾಗಿಸಿದರೆ ಸರಿಯಾಗಿ ಕೂರುತ್ತದೆ. ಒಂದನೇ ಕ್ಲಾಸಿನವರು ಪಕ್ಕದಲ್ಲಿ ನಿಂತು ತಮ್ಮ ಎತ್ತರ ಅಳೆದುಕೊಂಡರು.

ಇಲ್ಲಿ ನಾನು ಸೋಮಾರಿತನ ಮಾಡಿದೆ. ಮುಖದ ಎಡಭಾಗದ ಪಟ್ಟೆಗಳನ್ನು ತಿರುಗಿಸಿ ಬಲಕ್ಕೆ ನಕಲು ಮಾಡಿದೆ. ದೂರದಿಂದ ನೋಡಿದರೆ ಹುಲಿಗೆ ಮುಖವಾಡ ತೊಡಿಸಿದ ಹಾಗಿತ್ತು. ಹುಲಿಯ ಎರಡು ಬದಿಯ ಪಟ್ಟೆ ಒಂದೇ ಥರ ಇರುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೂ ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ. ಕಾಡಿನ ಕ್ಯಾಮೆರಾಗಳಲ್ಲಿ ಸಿಕ್ಕ ಹುಲಿಗಳನ್ನು ಬೇರೆಬೇರೆ ಅಂತ ಗುರುತಿಸುವುದು ಪಟ್ಟೆ ನೋಡಿಯೇ. ಅಳಿಸಿ ಮತ್ತೆ ಬರೆದೆ. ಕಿವಿಯ ಹಿಂಬದಿಗೆ ಬಿಳಿ ಚುಕ್ಕೆ ಇಟ್ಟಾಗ ವಾಚರ್ ಮಗ ತಲೆಯಾಡಿಸಿದ. ಪಾಸ್!

ಹುಲಿ ಮುಗಿದ ಸೋಮವಾರ ಚಿಕ್ಕಮ್ಮ ಒಂದು ಫೋಟೊ ಕಳಿಸಿದರು. ಹುಲಿಯ ಹಣೆಗೆ ವಿಭೂತಿ, ಮುಂದೆ ಎರಡು ಚೆಂಡು ಹೂವು. ಮಲೆ ಮಹದೇಶ್ವರ ಹುಲಿ ಏರಿ ಬರುವ ಜಿಲ್ಲೆ ಇದು. ಊರಿನ ಅಜ್ಜಿಯರು ಮೊಮ್ಮಕ್ಕಳನ್ನು ಬಿಡಲು ಬಂದವರು ಚಪ್ಪಲಿ ಬಿಟ್ಟು ಕೈಮುಗಿದು ಹೋಗಿದ್ದರು. ನನ್ನ ಚಿತ್ರಕ್ಕೆ ಇಷ್ಟು ದೊಡ್ಡ ಲೈಕ್ ಇನ್ನೆಲ್ಲೂ ಸಿಕ್ಕಿಲ್ಲ.

ಹುಲಿಗೆ ಸಿಕ್ಕ ಈ ಮರ್ಯಾದೆ ಆನೆಗೆ ಸಿಗಲಿಲ್ಲ.

"ನಮ್ಗ ಆನ ಅಂದ್ರ ರಾತ್ರಿ"

ಮಾರ್ಚ್ ಮೊದಲ ಶನಿವಾರ ಎಸ್‌ಡಿಎಂಸಿ ಸಭೆಗೆ ನನ್ನನ್ನೂ ಕರೆದರು. ನಾಲ್ಕನೇ ಫಲಕದಲ್ಲಿ ಆನೆ ಹಿಂಡಿನ ಸ್ಕೆಚ್ ಆಗಿತ್ತು, ಬಣ್ಣ ಬಿದ್ದಿರಲಿಲ್ಲ. ಸದಸ್ಯರೊಬ್ಬರು ಎದ್ದು ನಿಂತರು.

"ಮೇಡಂ, ತಪ್ ತಿಳ್ಕಬ್ಯಾಡಿ. ಹೋದ್ ವರ್ಸ ನನ್ನ ಒಂದೆಕ್ರ ಮುಸುಕಿನ ಜೋಳ ಒಂದೇ ರಾತ್ರೀಲಿ ಹೋಯ್ತು. ನಿಮ್ಗ ಆನ ಅಂದ್ರ ಫೋಟ. ನಮ್ಗ ಆನ ಅಂದ್ರ ರಾತ್ರಿ. ಅದ್ನ ಚಂದವಾಗಿ ಬರ್ದು ನಮ್ ಮಕ್ಳ ಮುಂದ ನಿಲ್ಲಿಸ್ತೀರಲ್ಲ, ಯಾಕ?"

ನನ್ನ ಹತ್ತಿರ ಉತ್ತರಗಳಿದ್ದವು, ಎಲ್ಲ ಅಂಕಿಗಳು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಇವೆ ಅಂತ ಅಂದಾಜು. 2022ರ ಲೆಕ್ಕದಲ್ಲಿ ಹುಲಿ 563. ಪೇಪರಲ್ಲಿ ಓದಿದಾಗ ಹೆಮ್ಮೆಪಟ್ಟಿದ್ದೆ, ವಾಟ್ಸ್‌ಆ್ಯಪ್ ಸ್ಟೇಟಸ್ ಕೂಡ ಹಾಕಿದ್ದೆ. ದೊಡ್ಡ ಆನೆಯೊಂದು ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ ಅನ್ನುವುದೂ ಗೊತ್ತಿತ್ತು. ಆ ಮೇವು ಯಾರ ಹೊಲದ್ದು ಅಂತ ಯೋಚಿಸಿರಲಿಲ್ಲ. ಬೇಸಾಯಗಾರರ ಮುಂದೆ ನಿಂತು ಆ ಅಂಕಿ ಹೇಳಲು ಬಾಯಿ ಬರಲಿಲ್ಲ. ಬೇಡ ಅಂದರೆ ಆನೆ ಬಿಡೋಣ ಅಂದೆ.

ಸಭೆ ನಡೆಯುತ್ತಿದ್ದದ್ದು ಜಗುಲಿಯಲ್ಲಿ. ಮೆಟ್ಟಿಲ ಮೇಲೆ ನನ್ನ ಟೆಸ್ಟರ್ ಹುಡುಗಿಯ ತಾತ ಕೂತಿದ್ದರು. ದಿನಾ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಊರುಗೋಲು ಹಿಡಿದು ಬರುವವರು. ಅವರ ಎಡಗಾಲು ನೇರ ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ ರಾಗಿ ಕಾಯಲು ಹೋದಾಗ ಒಂಟಿ ಸಲಗ ಎದುರಾಗಿ, ಓಡುವಾಗ ಬಿದ್ದು, ಆನೆಯ ಕಾಲು ತಾಗಿ ಮೂಳೆ ಮುರಿದಿತ್ತು. ಇದನ್ನು ನನಗೆ ಚಿಕ್ಕಮ್ಮ ಹೇಳಿದ್ದು ಅವತ್ತೇ, ಪಕ್ಕದಲ್ಲಿ ಕೂತು, ಪಿಸುಮಾತಲ್ಲಿ. "ಈ ಆನ ನಮ್ಮೂರ್ದಲ್ಲ" ಅಂದ ಹುಡುಗಿಗೆ ಊರಿನ ಆನೆ ಹೇಗಿರುತ್ತದೆ ಅಂತ ಹೇಗೆ ಗೊತ್ತು ಅನ್ನುವುದು ನನಗೆ ಆಗ ಅರ್ಥವಾಯಿತು.

ತಾತ ಕೂತಲ್ಲಿಂದಲೇ ಮಾತಾಡಿದರು.

"ಬರೀಬ್ಯಾಡಿ ಅಂದ್ರ ಆನ ಬರದು ನಿಲ್ತದ? ಬರೀರಿ ತಾಯಿ. ಆದ್ರ ನೀರ್ ಕುಡ್ಕಂಡು ತಣ್ಣಗ ನಿಂತಿರ ಆನ ಒಂದೇ ಬರದ್ರ ಅದು ಅರ್ದ ಸುಳ್ಳು. ನಮ್ಮ ಹೊಲ್ದಲ್ಲೂ ಬರೀರಿ."

ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದರು. ಅದನ್ನು ಮುಷ್ಟಿಯಲ್ಲಿ ಹಿಡಿದು, ಕೈಯನ್ನೇ ಸೊಂಡಿಲು ಮಾಡಿ, ಚೆನ್ನಾಗಿರುವ ಕಾಲಿಗೆ ಬಡಿದು ತೋರಿಸಿದರು. ಪಟ್, ಪಟ್. "ಬುಡ ಸಮೇತ ರಾಗಿ ಕಿತ್ಕತದ. ಬೇರಲ್ಲಿರ ಮಣ್ಣ ಹಿಂಗ ಕಾಲಿಗ ಬಡ್ದು ಉದುರಿಸ್ತದ. ಆಮೇಲ ಬಾಯಿಗ. ಕತ್ಲಲ್ಲಿ ಆನ ಕಾಣಲ್ಲ. ಈ ಸದ್ದ ಕೇಳೇ ನಾವ್ ಎದ್ದೇಳದು."

ಯಾರೂ ಮಾತಾಡಲಿಲ್ಲ. ಜೋಳ ಕಳೆದುಕೊಂಡ ಸದಸ್ಯರು ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರ ಕಂದಕನೂ ಬರೀರಿ. ಮಳೇಲಿ ಮುಚ್ಕಂಡಿರ ಕಂದಕ" ಅಂದರು. ಇನ್ನೊಬ್ಬರು ಅಟ್ಟಣೆ ಬೇಕು ಅಂದರು. ಸಭೆ ಸ್ಕೆಚ್ ಮೀಟಿಂಗ್ ಆಗಿಬಿಟ್ಟಿತು.

ಕಂಬದ ಆಚೆ ಈಚೆ

ನನ್ನ ನವಿಲು ಉದುರಿದ್ದ ಮೊದಲ ಫಲಕ ಇನ್ನೂ ಖಾಲಿ ಇತ್ತು. ಹೊಲ ಬರಬೇಕಾದ ಜಾಗವೂ ಅದೇ.

ಬೆಳಕಿನ ಲೆಕ್ಕ ಹೊಸದಾಗಿ ಹಾಕಿದೆವು. ಬಲತುದಿಯ ಹುಲ್ಲುಗಾವಲಿನಲ್ಲಿ ಬೆಳಗ್ಗೆ, ಕೆರೆಯಲ್ಲಿ ಮಧ್ಯಾಹ್ನ, ಹುಲಿ ಮಲಗಿದ ನೆರಳಲ್ಲಿ ಇಳಿಹೊತ್ತು, ಕುರುಚಲಿನಲ್ಲಿ ಮುಸ್ಸಂಜೆ, ಹೊಲದಲ್ಲಿ ರಾತ್ರಿ. ಗೇಟಿನಿಂದ ಒಳಗೆ ನಡೆದು ಬಂದರೆ ಒಂದು ದಿನ ಕಳೆಯುತ್ತದೆ. ನಾಲ್ಕನೇ ಫಲಕದಲ್ಲಿ ಹಿಂಡಿನ ಅಂಚಿಗೆ ನಿಂತಿದ್ದ ಸಲಗವೇ ಸಂಜೆಗೆ ಕುರುಚಲು ದಾಟಿ ಇಳಿದು ಬರುತ್ತದೆ.

ಹಾಗೆ ಬಂದದ್ದು ಎಲ್ಲಿ ನಿಲ್ಲಬೇಕು? ಒಂದನೇ ಮತ್ತು ಎರಡನೇ ಫಲಕದ ನಡುವೆ ಕಂಬ ಇತ್ತು. ಅಣ್ಣನ ನಿಯಮ ನೆನಪಿದ್ದರೂ ಕೇಳಿಯೇಬಿಟ್ಟೆ: "ಅಣ್ಣ, ಈ ಆನೆನ ಕಂಬಕ್ಕೆ ಕೊಟ್ರೆ? ಹಿಂಭಾಗ ಕಾಡಲ್ಲಿ, ಮುಂಭಾಗ ಹೊಲದಲ್ಲಿ?" ಅವರು ಬೀಡಿ ಆರಿಸಿ, ದೂರ ಹೋಗಿ ನಿಂತು ನೋಡಿದರು. "ಕಂಬಾನೇ ಕಂದಕ ಅನ್ನಿ" ಅಂದರು. "ಕೊಡಿ ಮೇಡಂ. ಇದೊಂದನ್ನ ಕೊಡಬಹುದು."

ರಾತ್ರಿಯ ಆನೆ ಬರೆಯುವುದು ಕಷ್ಟ. ಕತ್ತಲೆಗೆ ಕಪ್ಪು ಬಳಿದರೆ ಗೋಡೆಯಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಕರಡಿ ಬರೆಯುವಾಗಲೇ ಈ ಪಾಠ ಆಗಿತ್ತು, ಅಚ್ಚ ಕಪ್ಪಿಗೆ ಸ್ವಲ್ಪ ನೀಲಿ, ಸ್ವಲ್ಪ ಕಾವಿ ಸೇರಿಸಿದ ಮೇಲೇ ಅದಕ್ಕೆ ಮೈ ಬಂದದ್ದು. ಇಲ್ಲಿ ಆಕಾಶಕ್ಕೆ ಕಡುನೀಲಿ ಜೊತೆ ಚೂರು ನೇರಳೆ. ಆನೆಗೆ ಅದಕ್ಕಿಂತ ಒಂದು ಪಟ್ಟು ಗಾಢ. ಹಣೆ, ಸೊಂಡಿಲು, ದಂತದ ಅಂಚಿಗೆ ಮಾತ್ರ ಸಣ್ಣ ಬೆಳಕಿನ ಗೆರೆ. ಸೊಂಡಿಲಲ್ಲಿ ಬೇರು ಸಮೇತ ಕಿತ್ತ ರಾಗಿ, ಅದು ಕಾಲಿಗೆ ಬಡಿಯುವ ಕ್ಷಣ, ಚದುರುವ ಮಣ್ಣು. ಮಣ್ಣನ್ನು ಹಲ್ಲುಜ್ಜುವ ಬ್ರಷ್‌ನಲ್ಲಿ ಎರಚಿದ್ದು ಮೂರನೇ ಕ್ಲಾಸಿನವರು. ತಾತ ಎರಡು ದಿನ ಎದುರಿಗೇ ಕೂತು ಕಾಲಿನ ಬಾಗು ತಿದ್ದಿಸಿದರು. ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು ಅಂತ ನಾನು ಓದಿಕೊಂಡು ಬಂದು ಬರೆದಿದ್ದೆ. ಎಣಿಸಿ ನೋಡಿ, "ಅಷ್ಟ್ ಹತ್ರದಿಂದ ನಾನೂ ನೋಡಿದ್ದೀನಿ" ಅಂತ ನಕ್ಕರು.

ಎಡತುದಿಯಲ್ಲಿ ಅಟ್ಟಣೆ. ಅದರೊಳಗಿನ ದೀಪವನ್ನು ಯಾರು ಬರೆಯಬೇಕು ಅಂತ ಕೇಳುವ ಮುಂಚೆ ಹುಡುಗಿ ಬ್ರಷ್ ತಗೊಂಡಿದ್ದಳು. ಇಲ್ಲಿಯವರೆಗೆ ಅವಳು ತಪ್ಪು ಹುಡುಕಿದ್ದೇ ಹೊರತು ಒಂದು ಗೆರೆ ಎಳೆದಿರಲಿಲ್ಲ. ಆನೆಗೆ ಬಣ್ಣ ಹಚ್ಚು ಅಂದರೆ ಹಿಂದೆ ಸರಿಯುತ್ತಿದ್ದಳು. ಹಳದಿಯಲ್ಲಿ ಅಂಗೈಯಷ್ಟು ದೊಡ್ಡ ದೀಪ ಬರೆದಳು, ಅಳತೆಗೆ ತುಂಬಾ ದೊಡ್ಡದು. ತಿದ್ದಲು ಕೈ ಹೋಯಿತು, ಸುಮ್ಮನಾದೆ. ದೀಪದ ಪಕ್ಕ ಕೂತಿರುವ ಪುಟ್ಟ ಮನುಷ್ಯನ ಹೆಗಲ ಮೇಲೆ ಅವಳೇ ಒಂದು ಟವೆಲ್ ಇಟ್ಟಳು.

ನೀವೂ ಗೋಡೆ ಹಿಡಿಯೋದಾದ್ರೆ

ಈಗ ಆಫೀಸುಗಳಲ್ಲಿ ವಾಲಂಟಿಯರಿಂಗ್ ಅಂತ ಶಾಲೆ ಗೋಡೆ ಬಳಿಯಲು ಹೋಗುವವರು ತುಂಬಾ ಜನ ಇದ್ದೀರಿ. ನನ್ನ ತಪ್ಪುಗಳಿಂದ ನಾಲ್ಕು ಮಾತು.

ಸುಣ್ಣದ ಗೋಡೆಯಾದರೆ ಕೆರೆಯಲು ಒಂದು ಪೂರ್ತಿ ವಾರಾಂತ್ಯ ಎತ್ತಿಡಿ. ಎಲ್ಲರಿಗೂ ಬೇಸರದ ಕೆಲಸ ಅದೇ, ಚಿತ್ರ ಉಳಿಸುವುದೂ ಅದೇ.

ನೆತ್ತಿ ಬಿಸಿಲಲ್ಲಿ ಬಳಿಯಬೇಡಿ. ಬಣ್ಣ ಗೋಡೆಗೆ ಹತ್ತುವ ಮುಂಚೆ ಬ್ರಷ್ಷಲ್ಲೇ ಒಣಗುತ್ತದೆ. ಹತ್ತು ಗಂಟೆ ಒಳಗೆ, ನಾಲ್ಕು ಗಂಟೆ ಮೇಲೆ.

ದೂರದ ಬೆಟ್ಟ ತಿಳಿಯಾಗಿ, ನೀಲಿಯಾಗಿ ಇರಲಿ. ಹತ್ತಿರ ಬಂದ ಹಾಗೆ ಬಣ್ಣ ಗಾಢವಾಗಲಿ. ಇಷ್ಟು ಮಾಡಿದರೆ ಐದಡಿ ಗೋಡೆಯಲ್ಲೂ ಕಾಡಿಗೆ ಆಳ ಬರುತ್ತದೆ.

ಕೊನೆಯದು: ಗೂಗಲ್ ಮಾಡುವ ಮುಂಚೆ ಊರನ್ನು ಕೇಳಿ. ಯಾವ ಪ್ರಾಣಿ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಬಂದಾಗ ಏನಾಗುತ್ತದೆ. ದೂರದಲ್ಲಿರುವ ನಮಗೆ ಕಾಡುಪ್ರಾಣಿ ಗೋಡೆಯ ಅಲಂಕಾರ. ಹತ್ತಿರ ಇರುವವರಿಗೆ ಅದು ನೆರೆಹೊರೆ. ನೆರೆಯವರ ಚಿತ್ರವನ್ನು ಅವರನ್ನು ಬಲ್ಲವರ ಎದುರಿಗೆ ತಪ್ಪಾಗಿ ಬರೆಯಬಾರದು.

ಆಮೇಲೆ

ಮಾರ್ಚ್ ಕೊನೆಯ ಶನಿವಾರ ಚಿಕ್ಕಮ್ಮನ ಬೀಳ್ಕೊಡುಗೆ ಆ ಗೋಡೆಯ ಮುಂದೆಯೇ ನಡೆಯಿತು. ಶಾಲು, ಹಾರ, ಫಲತಾಂಬೂಲದ ತಟ್ಟೆ. ಗ್ರೂಪ್ ಫೋಟೊದಲ್ಲಿ ಹುಲಿಯ ಪಕ್ಕ ನಿಲ್ಲಲು ಜಗಳವಾಯಿತು.

ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದೆ. ಕೆಳಗಿನ ಮಣ್ಣಿನ ಪಟ್ಟಿ ಎರಡು ಕಡೆ ಉಬ್ಬಿತ್ತು, ನಿರೀಕ್ಷಿಸಿದ್ದೇ. ಚಿತ್ರಕ್ಕೆ ಏನೂ ಆಗಿರಲಿಲ್ಲ. ಉಳಿದ ಹಳದಿ ಡಬ್ಬ ಶಾಲೆಯಲ್ಲೇ ಬಿಟ್ಟು ಬಂದಿದ್ದೆ. ದೀಪಕ್ಕೆ ಯಾರೋ ಮತ್ತೊಂದು ಕೋಟ್ ಹಚ್ಚಿದ್ದರು.

ನವೆಂಬರ್‌ನಲ್ಲಿ ಚಿಕ್ಕಮ್ಮ ಫೋನ್ ಮಾಡಿದರು. ನಿವೃತ್ತಿಯಾದ ಮೇಲೂ ಅವರು ಆ ಊರಲ್ಲೇ ಇದ್ದಾರೆ. ಸಲಗ ಮತ್ತೆ ಬಂದಿತ್ತಂತೆ. ಅರ್ಧ ಎಕರೆ ರಾಗಿ ಹೋಗಿದೆ, ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ.

ನನಗೆ ಮೊದಲು ಬಂದ ಯೋಚನೆ, ಹೇಳಲು ನಾಚಿಕೆಯಾಗುತ್ತದೆ, ಗೋಡೆಯದ್ದು. "ಸಿಟ್ಟಲ್ಲಿ ಯಾರಾದ್ರೂ ಚಿತ್ರಕ್ಕೆ ಏನಾದ್ರೂ ಮಾಡಿದ್ರಾ ಚಿಕ್ಕಮ್ಮ?"

"ಅಯ್ಯೋ, ಯಾರೇನ್ ಮಾಡ್ತಾರೆ ಬಿಡೇ" ಅಂದರು. "ಬೆಳಗ್ಗೆ ಆ ಕಡೆ ಹೋಗಿದ್ದೆ. ಮಕ್ಕಳೆಲ್ಲ ಗೋಡೆ ಮುಂದೆ ನಿಂತಿದ್ರು. ನಿನ್ನ ಟೆಸ್ಟರ್ ಕಂಬದ ಹತ್ರ ಕೈ ಇಟ್ಟು, ಎಷ್ಟೊತ್ತಿಗೆ ಬಂತು, ಯಾವ ಕಡೆಯಿಂದ ದಾಟ್ತು ಅಂತ ಚಿಕ್ಕವರಿಗೆ ಹೇಳ್ತಿದ್ಲು."